ಬೇಸಿಗೆ ನೋಡಲು ಹೊರಟ ಬುಡ್ಡಣ್ಣ

ಮಕ್ಕಳೇ, ಬಯಲುಸೀಮೆಯ ಒಂದು ಕೆರೆಯಲ್ಲಿ ಬುಡ್ಡಣ್ಣ ಎಂಬ ಕಪ್ಪೆ ಇದ್ದ. ದಡದ ಬಿಲದಲ್ಲಿ ನಿಂಗಜ್ಜಿ ಎಂಬ ಮುದಿ ಏಡಿ ಇದ್ದಳು. ಆ ಕೆರೆಯ ಕಪ್ಪೆಗಳು ಯಾವತ್ತೂ ಬೇಸಿಗೆಯನ್ನು ಕಂಡವಲ್ಲ. ಶಿವರಾತ್ರಿ ಕಳೆದ ಮೇಲೆ ಕೆಸರಿನಲ್ಲಿ ಕಾಲೂರಿ ನೋಡುತ್ತಿದ್ದವು. ಹೆಜ್ಜೆಗುಳಿಯಲ್ಲಿ ನೀರು ಜಿನುಗದಿದ್ದರೆ ಮಣ್ಣಿನೊಳಗೆ ಇಳಿದು, ಮಳೆ ಬರುವ ತನಕ ಮಲಗಿಬಿಡುತ್ತಿದ್ದವು.

ಒಂದು ಚಳಿಗಾಲ ಹಿಮದ ನಾಡಿನಿಂದ ಹೆಬ್ಬಾತೊಂದು ಬಂತು. ನೀರಿನ ಮೇಲೆ ತೆಳು ಮಂಜು ತೇಲುವ ಸಂಜೆಗಳಲ್ಲಿ ಆ ಹೆಬ್ಬಾತು ತನ್ನೂರಿನ ಸುದ್ದಿ ಹೇಳುತ್ತಿದ್ದಳು.

"ನಮ್ಮಲ್ಲಿ ಎಲ್ಲರೂ ಮಲಗುವುದು ಚಳಿಗಾಲದಲ್ಲಿ. ಬೇಸಿಗೆಗೆ ಹಿಮ ಕರಗಿ ಹೊಳೆ ತುಂಬುತ್ತದೆ. ಬೆಟ್ಟದ ತುಂಬಾ ಹೂವು. ಎಳೆಬಿಸಿಲಿಗೆ ಮೈಯೊಡ್ಡಿ ಸುಮ್ಮನೆ ಕೂತಿರಬಹುದು."

ಬುಡ್ಡಣ್ಣ ಕಣ್ಣು ಅರೆಮುಚ್ಚಿ ಕೇಳಿದ. ಆ ಹೂವುಗಳು ಅವನ ಕನಸಿನಲ್ಲೂ ಬರತೊಡಗಿದವು.

ಹೆಬ್ಬಾತು ಹಾರಿಹೋದಳು. ಕೆಸರು ಒಣಗತೊಡಗಿತು. "ಬಾರೋ, ಹೆಜ್ಜೆಯಲ್ಲಿ ನೀರಿಲ್ಲ," ಎಂದು ಗೆಳೆಯರು ಕರೆದರು.

"ನೀವು ಮಲಗಿ ಮಾರಾಯ್ರೇ. ಇಂಥ ಸೊಗಸಾದ ಕಾಲದಲ್ಲಿ ಯಾರಾದರೂ ಗೊರಕೆ ಹೊಡೆಯುತ್ತಾರೆಯೇ? ನಾನು ಬೇಸಿಗೆ ನೋಡಿಯೇ ಮಲಗುವವನು."

"ಅದು ಅವಳೂರಿನ ಬೇಸಿಗೆ ಮಗಾ, ನಮ್ಮದಲ್ಲ," ಎಂದಳು ನಿಂಗಜ್ಜಿ.

"ನಿನಗೆ ವಯಸ್ಸಾಯಿತಜ್ಜಿ," ಎಂದು ಬುಡ್ಡಣ್ಣ ನಕ್ಕ.

ಬೇಸಿಗೆ ಬಂತು. ಆಕಾಶ ಬೆಳ್ಳಗಾಯಿತು, ಕೆರೆಯ ತಳ ಬಿರುಕು ಬಿಟ್ಟಿತು. ದೂರದಲ್ಲಿ ನೀರು ಹೊಳೆದಂತೆ, ಅದರ ಮೇಲೆ ಹೂವು ತೇಲಿದಂತೆ ಕಂಡಿತು. ಕುಪ್ಪಳಿಸಿ ಹೋದರೆ ಬರೀ ಬಿಸಿಲ್ಗುದುರೆ. ಚರ್ಮ ಬಿಗಿದು ಉರಿಯತೊಡಗಿತು. ನೆಲ ತೋಡಲು ನೋಡಿದ. ಅದು ಇಟ್ಟಿಗೆಯಷ್ಟು ಗಟ್ಟಿ. ಇನ್ನು ಸತ್ತೇ ಹೋಗುತ್ತೇನೆಂದು ಬುಡ್ಡಣ್ಣನಿಗೆ ಭಯವಾಯಿತು.

ತೆವಳುತ್ತ ಏಡಿಯ ಬಿಲದ ಬಾಯಿಗೆ ಬಂದ. "ಅಜ್ಜೀ, ಹೂವು ಸಿಗಲಿಲ್ಲ," ಎಂದ.

"ಹೂವಿನ ಮಾತು ಆಮೇಲೆ. ಒಳಗೆ ಬಾ, ನನ್ನ ಬಿಲ ತೇವ ಸಿಗುವವರೆಗೂ ಇಳಿದಿದೆ. ಗೊರಕೆ ಹೊಡೆದರೆ ಮಾತ್ರ ಚಿವುಟುತ್ತೇನೆ."

ತಂಪು ಕತ್ತಲಲ್ಲಿ ಬುಡ್ಡಣ್ಣ ನಿದ್ದೆ ಹೋದ. ಎಚ್ಚರವಾದಾಗ ಮೇಲೆ ಗುಡುಗು, ಮಣ್ಣಿನ ವಾಸನೆ. ಕೆರೆ ತುಂಬಿತು. ಎಲ್ಲ ಕಪ್ಪೆಗಳೂ ಒಟ್ಟಿಗೆ ಹಾಡಿದವು. ಅವುಗಳ ನಡುವೆ ಕೂತು ಬುಡ್ಡಣ್ಣ ಅಳುತ್ತಲೇ ಹಾಡಿದ.

ಚಳಿಗಾಲಕ್ಕೆ ಹೆಬ್ಬಾತು ಮತ್ತೆ ಬಂದಳು. "ನಮ್ಮಲ್ಲಿ ಬೇಸಿಗೆಯೆಂದರೆ ಹಬ್ಬ. ನಿಮ್ಮ ಬೇಸಿಗೆ ಹೇಗಿತ್ತು?"

"ನಮ್ಮ ಹಬ್ಬ ಬೇಸಿಗೆ ಮುಗಿದ ಮೇಲೆ. ಮೊದಲ ಮಳೆಗೆ ಇಡೀ ಕೆರೆ ಹಾಡುತ್ತದೆ," ಎಂದ ಬುಡ್ಡಣ್ಣ.

ಹೆಬ್ಬಾತಿನ ಕಣ್ಣು ಕನಸುಗಣ್ಣಾಯಿತು. "ಇಷ್ಟು ವರ್ಷ ಬಂದರೂ ಆ ಹಾಡು ನಾನು ಕೇಳಿಯೇ ಇಲ್ಲ. ಈ ಸಲ ಮಳೆಯವರೆಗೂ ಇದ್ದುಬಿಡಲೇ?"

ಬುಡ್ಡಣ್ಣ ಬಿರುಕು ಬಿಟ್ಟ ನೆಲವನ್ನು ನೆನೆದ.

"ಬೇಡ ಕಣಕ್ಕ. ನಿನ್ನ ಕಾಲಕ್ಕೆ ನೀನು ಹೊರಡು," ಎಂದ. "ಹಾಡು ತಾನೇ? ಕೂತುಕೋ, ಈಗಲೇ ಹಾಡುತ್ತೇನೆ."

ನೀತಿ: ಬೇರೆ ನಾಡಿನ ಕತೆ ಕೇಳಲು ಚೆಂದ, ಬದುಕಬೇಕಾದದ್ದು ಮಾತ್ರ ನಾವಿರುವ ನೆಲ, ನಮ್ಮ ಮಳೆ, ನಮ್ಮ ಬಿಸಿಲಿಗೆ ತಕ್ಕಂತೆ.