ಉರುಳೆ ಅವುಚಿಕೊಂಡ ನಗು

ಜೆರಾಕ್ಸ್ ಯಂತ್ರ ಲೋಕಕ್ಕೇ ಹೊಸತಾಗಿದ್ದ ಕಾಲ, ಮಗು. ಆಗ ಯಂತ್ರದ ಹೊಟ್ಟೆಯೊಳಗೆ ಬೆಳಕು, ಕರಿಪುಡಿ, ದುಂಡನೆಯ ಉರುಳೆ ಎಲ್ಲ ಮಾತಾಡಿಕೊಂಡೇ ಕೆಲಸ ಮಾಡುತ್ತಿದ್ದವು.

ಬೆಳಕು ಚಿತ್ರ ತಂದು ಉರುಳೆಯ ಮೈಮೇಲೆ ಬಿಡುತ್ತಿತ್ತು. ಕರಿಪುಡಿ ಓಡಿಬಂದು ಚಿತ್ರಕ್ಕೆ ಅಂಟುತ್ತಿತ್ತು. ಅಷ್ಟರಲ್ಲಿ ಕಾಗದ ಬಂದು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಉರುಳೆಯ ಬಾಳೇ ಹಾಗೆ. ತನ್ನದು ಅಂತ ಒಂದೇ ಒಂದು ಮುಖ ಉಳಿದರೆ ಸಾಕು ಎಂದು ಅದು ಹಂಬಲಿಸುತ್ತಿತ್ತು.

ಒಂದು ಬೆಳಿಗ್ಗೆ ಗದಗಿನ ಕಲ್ಲಿನಾಥನ ಜೆರಾಕ್ಸ್ ಅಂಗಡಿಗೆ ಫಕೀರವ್ವ ಬಂದಳು. ತೀರಿಹೋದ ಮಗಳದು ಒಂದೇ ಫೋಟೋ ಅವಳ ಹತ್ತಿರ ಇತ್ತು, ಅದರ ಪ್ರತಿ ಬೇಕಿತ್ತು. ಮುಂದಿನ ಹಲ್ಲು ಬಿದ್ದ ಹುಡುಗಿ, ಬಾಯ್ತುಂಬ ನಗು. ಆ ನಗುವಿಗೆ ಉರುಳೆ ಸೋತುಹೋಯಿತು. ಅರ್ಧ ಪುಡಿಯನ್ನು ಕಾಗದಕ್ಕೆ ಕೊಟ್ಟು, ಅರ್ಧವನ್ನು ತಾನೇ ಅವುಚಿಕೊಂಡಿತು.

ಆಮೇಲೆ ಬಂದ ಲಗ್ನಪತ್ರಿಕೆಯ ಗಣಪನ ಮೇಲೂ ಹಲ್ಲಿಲ್ಲದ ನಗು, ಡಾಕ್ಟರ ಚೀಟಿಯ ಮೇಲೂ ಅದೇ ನಗು. ಕಲ್ಲಿನಾಥ ತಲೆ ಚಚ್ಚಿಕೊಂಡ.

ಸಂಜೆ ಫಕೀರವ್ವ ಮತ್ತೆ ಬಂದಳು. "ತಮ್ಮಾ, ಮಾರಿ ಮಸುಕಾಗೇತಿ. ಇನ್ನೊಂದು ತಗದುಕೊಡು."

ಉರುಳೆಗೆ ಎಲ್ಲಿಲ್ಲದ ಹಿಗ್ಗು. ಹಳೆಯ ಮುಖವನ್ನು ಬಿಡದೆ ಹೊಸದನ್ನೂ ಬರಮಾಡಿಕೊಂಡಿತು. ಮುಖದ ಮೇಲೆ ಮುಖ ಕೂತು, ನಡುವೆ ಗಣಪನ ಸೊಂಡಿಲೂ ಸೇರಿ, ಹಾಳೆ ಕಪ್ಪಗೆ ಹೊರಬಂತು.

ಫಕೀರವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದರಾಗ ನನ್ನ ಮಗಳಿಲ್ಲೋ ತಮ್ಮಾ," ಎಂದಳು.

ಉರುಳೆ ಬೆಳಕಿನ ಕಡೆ ತಿರುಗಿತು. "ಬೆಳಕಕ್ಕಾ, ನನ್ನನ್ನ ಒರಸಿಬಿಡು," ಎಂದಿತು.

"ಒರಸಿದ್ರ ಆಕಿ ನೆನಪೂ ಹೋಗತೈತಿ. ತಡಕೋತೀಯೇನು?"

"ನಾ ಹಿಡಕೊಂಡ್ರ ಆಕಿ ಅವ್ವಗ ಸಿಗೂದಿಲ್ಲ. ಒರಸು."

ಮೂಲೆಯಲ್ಲಿ ಸುಮ್ಮನೆ ಕೂತಿದ್ದ ರಬ್ಬರ್ ಪಟ್ಟಿ ಎದ್ದು ಬಂದು ಅಂಟಿದ ಪುಡಿಯನ್ನೆಲ್ಲ ಕೆರೆದು ತೆಗೆಯಿತು. ಬೆಳಕು ಮೈಮೇಲೆಲ್ಲ ಹರಿದು ಉಳಿದ ಗುರುತನ್ನೂ ಅಳಿಸಿತು. ಯಾರ ನಗುವಿಗಾಗಿ ಇಷ್ಟೆಲ್ಲ ಎಂಬುದೂ ಉರುಳೆಗೆ ಮರೆತುಹೋಯಿತು. ಹಂಬಲ ಮಾತ್ರ ಅಳಿಯಲಿಲ್ಲ. ಕಲ್ಲಿನಾಥ ಫೋಟೋ ಮತ್ತೆ ಇಟ್ಟಾಗ ಅದು ಬಿಸಿಯಾಗಿ ಹಾಳೆಗೆ ಇಳಿಯಿತು.

ಈ ಸಲ ಬಿದ್ದ ಹಲ್ಲಿನ ಕಿಂಡಿಯೂ ನಿಚ್ಚಳವಾಗಿ ಕಂಡಿತು. ಫಕೀರವ್ವ ಹಾಳೆಯನ್ನು ಕೆನ್ನೆಗೆ ಒತ್ತಿಕೊಂಡಳು. "ಈಗ ನಿದ್ದಿಯಿಂದ ಎದ್ದು ಬಂದಂಗ ಬೆಚ್ಚಗ ಅದಾಳ," ಎಂದಳು.

ಅಂದಿನಿಂದ ಒಂದು ಪ್ರತಿ ಹೋಗಿ ಇನ್ನೊಂದು ಬರುವ ಮುಂಚೆ ಉರುಳೆ ತನ್ನನ್ನು ಪೂರ್ತಿ ಒರೆಸಿಕೊಳ್ಳುತ್ತದೆ, ಹಂಬಲ ಮಾತ್ರ ಹಾಳೆಗೆ ಇಳಿಯುತ್ತದೆ. ಅದಕ್ಕೇ ನೋಡು, ಅಂಗಡಿಯಲ್ಲಿ ನಿನ್ನ ಕೈಗೆ ಬರುವ ಹಾಳೆ ಇಂದಿಗೂ ಬೆಚ್ಚಗೇ ಇರುತ್ತದೆ.