ಮೆಚ್ಚುಗೆ ಬೇಡಿದ ಗೀಜಗ

ಗಂಡು ಗೀಜಗವೊಂದು ಜಾಲಿಮರದಲ್ಲಿ ಗೂಡು ನೇಯ್ದು ಹೆಣ್ಣನ್ನು ಕರೆತಂದಿತು.

"ಹತ್ತಿರ ಬಾ," ಎಂದಿತು ಹೆಣ್ಣು.

"ಮೊದಲು ಹೇಳು, ನನ್ನಂಥವನನ್ನು ಕಂಡಿದ್ದೀಯಾ?"

"ಇಲ್ಲ."

ಗಂಡು ಹತ್ತಿರ ಬಂತು. ಆದರೆ ಹೆಣ್ಣು ಸುಖದಿಂದ ಕಣ್ಣು ಮುಚ್ಚಿದ ಕೂಡಲೇ ಗಂಡಿನ ಮೈ ತಣ್ಣಗಾಯಿತು.

"ನೀನು ನನ್ನನ್ನು ನೋಡುತ್ತಲೇ ಇಲ್ಲ. ನಿನ್ನಿಂದಲೇ ಹೀಗಾಯಿತು!" ಎಂದು ಸಿಡುಕಿ ಹೊರಗೆ ಹಾರಿತು.

ಮರುದಿನದಿಂದ ಹೆಣ್ಣು ಕಣ್ಣು ಮುಚ್ಚದೆ ಹೊಗಳತೊಡಗಿತು. ಹೊಗಳಿಕೆ ನಿಂತಲ್ಲಿ ಗಂಡಿನ ಆಸೆಯೂ ನಿಲ್ಲುತ್ತಿತ್ತು. ಮಳೆಗಾಲ ಮುಗಿಯುತ್ತ ಬಂದರೂ ಗೂಡಿನಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ.

"ನೀನು ಬಂಜೆ," ಎಂದಿತು ಗಂಡು.

"ನೀನು ಒಂದು ದಿನವೂ ನನ್ನ ಜೊತೆ ಇರಲಿಲ್ಲ. ನನ್ನ ಕಣ್ಣಲ್ಲಿ ನೀನು ನಿನ್ನನ್ನೇ ನೋಡಿಕೊಳ್ಳುತ್ತಿದ್ದೆ," ಎಂದು ಹೆಣ್ಣು ಹಾರಿಹೋಯಿತು.

ಗಂಡು ಅದು ಹೋದ ದಿಕ್ಕನ್ನೂ ನೋಡದೆ ರೆಕ್ಕೆ ಒಪ್ಪಮಾಡಿಕೊಳ್ಳುತ್ತ ಕೂತಿತು.

ಹೆಣ್ಣು ಬೇರೆ ಮರಗಳಿಗೆ ಹೋಯಿತು. ಅಲ್ಲೆಲ್ಲ ಮರಿಗಳು ಆಗಲೇ ಹಾರಲು ಕಲಿಯುತ್ತಿದ್ದವು. ಆ ವರ್ಷ ಅದನ್ನು ಯಾರೂ ಗೂಡಿಗೆ ಕರೆಯಲಿಲ್ಲ.