ಹದಿನಾಲ್ಕನೆಯ ಬಟ್ಟಲು

"ಮಾವ, ಹೊರದೇಶದಲ್ಲಿ ಒಂದೂ ತಪ್ಪು ಮಾಡದೆ ತಿರುಗಾಡಿ ಬರುವುದು ಹೇಗೆ?"

ಕೇಳಿದವಳು ಇಂಚರಾ. ನನ್ನ ಅಕ್ಕನ ಮಗಳು, ಸದ್ಯಕ್ಕೆ ನನ್ನ ಏಕೈಕ ಶಿಷ್ಯೆ. ಉಳಿದ ಶಿಷ್ಯರು ಜ್ಞಾನದ ಭಾರ ತಾಳಲಾರದೆ ಓಡಿಹೋದರು. ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ಮೂರು ದೇಶ ನೋಡಿ ಬರಬೇಕೆಂಬುದು ಅವಳ ಬಹುದಿನದ ಆಸೆ. ನಾಳಿದ್ದು ವಿಮಾನ. ಆದರೆ ಅಲ್ಲಿ ಯಾರಿಗಾದರೂ ಬೇಸರವಾಗುವಂತೆ ನಡೆದುಕೊಂಡುಬಿಟ್ಟರೆ ಎಂಬ ಹೆದರಿಕೆ. ಎಲ್ಲಿ ಚಪ್ಪಲಿ ಬಿಡಬೇಕು, ಯಾರಿಗೆ ಎಷ್ಟು ಬಾಗಬೇಕು, ಯಾವ ಕೈಯಲ್ಲಿ ಲೋಟ ಹಿಡಿಯಬೇಕು ಎಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಬರೆದಷ್ಟೂ ಹೆದರಿಕೆ ಬೆಳೆದಿತ್ತು.

"ನೀವು ಸರಿಯಾಗಿ ಹೇಳದಿದ್ದರೆ ಟಿಕೆಟ್ ರದ್ದು ಮಾಡಿಸಿಬಿಡುತ್ತೇನೆ," ಎಂದಳು.

ಕೇಳಬೇಕಾದವನನ್ನೇ ಕೇಳಿದ್ದಳು. ನಾನು ಹದಿನೇಳು ದೇಶ ಸುತ್ತಿದವನು. ಅವುಗಳಲ್ಲಿ ಎರಡು ಈಗ ನಕ್ಷೆಯಲ್ಲಿಲ್ಲ. ನಾನು ನೋಡಿಯಾದ ಮೇಲೆ ಇನ್ನು ಯಾರಿಗೆ ಬೇಕು ಎಂದು ತೆಗೆದುಬಿಟ್ಟರು. ಗಂಟಲು ಸರಿಮಾಡಿಕೊಂಡು ಕತೆ ಶುರುಮಾಡಿದೆ.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಹಿಮ ನೋಡುವ ಆಸೆಯಿಂದ ಮೂರು ಬೆಟ್ಟಸಾಲು ದಾಟಿ ಪರದೇಶಕ್ಕೆ ಹೋದ. ಬೆನ್ನ ಮೇಲೆ ಅವನಷ್ಟೇ ಎತ್ತರದ ಚೀಲ. ಅದರಲ್ಲಿ ಆರು ಕಂಬಳಿ, ಹನ್ನೆರಡು ಅಂಗಿ, ಒಂದು ಜಾಡಿ ಉಪ್ಪಿನಕಾಯಿ. ಬೇಕಾದರೂ ಬೇಕಾದೀತು ಎಂದು ಒಂದು ಮಂಚದ ಕಾಲು.

"ಮಂಚದ ಕಾಲು ಯಾಕೆ ಮಾವ?"

"ಉಳಿದ ಮೂರು ಅಲ್ಲೇ ಸಿಗುತ್ತವೆ ಎಂದುಕೊಂಡಿದ್ದ. ನಡುವೆ ಬಾಯಿ ಹಾಕಬೇಡ."

ಹೊರಡುವಾಗ ವ್ಯಾಪಾರಿಗೆ ತಾಯಿ ಒಂದೇ ಮಾತು ಹೇಳಿದ್ದಳು. "ಯಾರ ಮನೆಯಲ್ಲಿ ಉಂಡರೂ ಒಂದು ಅಗುಳು ಬಿಡಬೇಡಪ್ಪ. ಬಿಟ್ಟರೆ ಬಡಿಸಿದವರಿಗೆ ಅವಮಾನ."

ಕಣಿವೆಯ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಅವನನ್ನು ಒಳಗೆ ಕರೆದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅಜ್ಜಿ ಬಟ್ಟಲ ತುಂಬ ಬಿಸಿಬಿಸಿ ಅಂಬಲಿ ಕೊಟ್ಟಳು. ವ್ಯಾಪಾರಿ ತಾಯಿಯನ್ನು ನೆನೆದು ಬಟ್ಟಲು ಫಳಫಳ ಹೊಳೆಯುವಂತೆ ಮುಗಿಸಿದ. ಅಜ್ಜಿಗೆ ಗಾಬರಿಯಾಯಿತು. ಬಟ್ಟಲು ಕಸಿದುಕೊಂಡು ಓಡಿ ಮತ್ತೆ ತುಂಬಿ ತಂದಳು. ಅವನು ಮತ್ತೆ ಮುಗಿಸಿದ. ಅವಳು ಮತ್ತೆ ತುಂಬಿದಳು.

ನಾಲ್ಕನೆಯ ಬಟ್ಟಲಿಗೆ ವ್ಯಾಪಾರಿ, ನಾವು ಎಲೆಯ ಮೇಲೆ ಹಿಡಿಯುವಂತೆ, ಎರಡೂ ಕೈ ಅಡ್ಡ ಹಿಡಿದ. ಪಾಪ, ಕೈ ಕಾಯಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಅಜ್ಜಿ ಇನ್ನೂ ಬಿಸಿಯಾದದ್ದನ್ನು ತಂದು ಸುರಿದಳು. ಏಳನೆಯ ಬಟ್ಟಲಿಗೆ ಜೋರಾಗಿ ತೇಗಿದ. ಹೊಟ್ಟೆ ಬರಿದಾಗಿ ಗಾಳಿ ತುಂಬಿದೆ ಎಂದು ಅಜ್ಜಿ ಕಣ್ಣೊರೆಸಿಕೊಂಡಳು. ಹನ್ನೊಂದನೆಯ ಬಟ್ಟಲಿಗೆ ಅವನ ಉಡಿದಾರ ಕಿತ್ತುಹೋಗಿ, ಗೋಡೆಗೆ ನೇತುಹಾಕಿದ್ದ ಜರಡಿಗೆ ಬಡಿದು ಠಣ್ ಎಂದಿತು. ಇದಕ್ಕೆ ಸಾಕ್ಷಿ ಇದೆ. ಆದರೆ ಆ ಜರಡಿ ಇಲ್ಲಿಂದ ಬಹಳ ದೂರ.

ಹದಿನಾಲ್ಕನೆಯ ಬಟ್ಟಲು ಬಂತು. ಅದರ ಹಿಂದೆಯೇ ಒಳಗಿನಿಂದ ಒಂದು ಸದ್ದೂ ಬಂತು. ಮಡಕೆಯ ತಳವನ್ನು ಸೌಟು ಕೆರೆಯುವ ಸದ್ದು. ವ್ಯಾಪಾರಿ ಇಣುಕಿ ನೋಡಿದ. ಹಿಟ್ಟಿನ ಚೀಲ ಮಡಚಿ ಬಿದ್ದಿತ್ತು. ಹೊರಗೆ ಹಿಮ ಶುರುವಾಗುತ್ತಿತ್ತು. ಅಜ್ಜಿ ಚಳಿಗಾಲಕ್ಕೆಂದು ಇಟ್ಟುಕೊಂಡಿದ್ದ ಹಿಟ್ಟನ್ನು ತಾನು ಒಂದೇ ಮಧ್ಯಾಹ್ನದಲ್ಲಿ ಕುಡಿದು ಮುಗಿಸಿದ್ದೇನೆ ಎಂದು ಅವನಿಗೆ ಆಗ ತಿಳಿಯಿತು. ಬಟ್ಟಲಲ್ಲಿ ಬಿಟ್ಟರೆ ಅಜ್ಜಿಗೆ ಅವಮಾನ. ಬಿಡದಿದ್ದರೆ ಅಜ್ಜಿಗೆ ಉಪವಾಸ.

ಬಟ್ಟಲು ಹಿಡಿದುಕೊಂಡೇ ಬೀದಿಗೆ ಬಂದು ಕೂಗಿಕೊಂಡ. ನಮ್ಮ ಕಡೆಯ ಸಂತೆಗಳಿಗೆ ಬಂದುಹೋಗಿ ನಾಲ್ಕು ಮಾತು ಕಲಿತಿದ್ದ ಕುದುರೆ ವ್ಯಾಪಾರಿಯೊಬ್ಬ ಓಡಿಬಂದ.

"ಈ ಅಜ್ಜಿ ಯಾಕಪ್ಪ ನನ್ನನ್ನು ಕೊಲ್ಲುತ್ತಿದ್ದಾಳೆ?"

"ನೀನೇ ಅವಳನ್ನು ಕೊಲ್ಲುತ್ತಿದ್ದೀಯ ಮಹಾರಾಯ! ನಮ್ಮಲ್ಲಿ ಬಟ್ಟಲ ತಳ ಕಂಡರೆ ಅತಿಥಿಗೆ ಇನ್ನೂ ಹಸಿವಿದೆ ಎಂದು ಲೆಕ್ಕ. ಒಂದು ತುತ್ತು ಉಳಿಸಬಾರದೇ?"

ವ್ಯಾಪಾರಿ ಅಜ್ಜಿಯ ಮುಂದೆ ಕುಳಿತ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ತಾಯಿಯ ಕ್ಷಮೆ ಕೇಳಿ, ಒಂದು ತುತ್ತು ಬಿಟ್ಟು ಬಟ್ಟಲು ಕೆಳಗಿಟ್ಟ. ಅಜ್ಜಿ ಉಸ್ಸೆಂದು ಗೋಡೆಗೊರಗಿದಳು. ಅವನು ಯಾಕೆ ಹಾಗೆ ಉಂಡನೆಂದು ಕುದುರೆ ವ್ಯಾಪಾರಿ ವಿವರಿಸಿದಾಗ ಅವಳು ನಗತೊಡಗಿದಳು. ಅವಳು ನಕ್ಕದ್ದು ಕೇಳಿ ಪಕ್ಕದ ಮನೆಯವರು ನಕ್ಕರು. ಕೊನೆಗೆ ಕುದುರೆಗಳೂ ನಕ್ಕವು. ನಾನು ಕಣ್ಣಾರೆ... ಎಂದರೆ, ಕಂಡವರು ಹೇಳಿದ್ದು.

ಮರುದಿನ ವ್ಯಾಪಾರಿ ತನ್ನ ಚೀಲವನ್ನು ಅಜ್ಜಿಯ ಮನೆಯ ನೆಲದ ಮೇಲೆ ಬರಿದು ಮಾಡಿದ. ಕಂಬಳಿಗಳನ್ನು ಹಳ್ಳಿಯವರಿಗೆ ಹಂಚಿದ. ಬರಿಚೀಲ ಹೊತ್ತು ಕೆಳಗಿನ ಗಿರಣಿಗೆ ಇಳಿದ. ಅಜ್ಜಿಯ ಚಳಿಗಾಲಕ್ಕೆ ಸಾಲುವಷ್ಟು ಹಿಟ್ಟನ್ನು ಅದರಲ್ಲಿ ತುಂಬಿಕೊಂಡು ಏದುಸಿರು ಬಿಡುತ್ತ ಹತ್ತಿಬಂದ. ಅಜ್ಜಿಯ ಮಂಚಕ್ಕೆ ಮೂರೇ ಕಾಲಿದ್ದವು. ನಾಲ್ಕನೆಯದರ ಜಾಗದಲ್ಲಿ ಕಲ್ಲು ಇಟ್ಟಿದ್ದಳು. ಅದನ್ನೂ ಸರಿಮಾಡಿಕೊಟ್ಟ. ಹೊರಟಾಗ ಹಳ್ಳಿಗೆ ಹಳ್ಳಿಯೇ ಕಣಿವೆಯ ಬಾಯಿವರೆಗೆ ಬಂದು ಕಳಿಸಿಕೊಟ್ಟಿತು. ಈಗಲೂ ಆ ಕಡೆಗೆ ನಮ್ಮವರು ಯಾರಾದರೂ ಹೋದರೆ ಹಳ್ಳಿಯವರು ಮೊದಲು ಅವರ ಉಡಿದಾರ ಮುಟ್ಟಿ ನೋಡಿ, ಆಮೇಲೆ ಬಡಿಸುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದೆ. ಇಂಚರಾ ನಕ್ಕು ನಕ್ಕು ಕೆಮ್ಮುತ್ತಿದ್ದಳು.

"ಆ ವ್ಯಾಪಾರಿ ನೀವೇ ತಾನೇ ಮಾವ?"

"ನನ್ನ ಉಡಿದಾರ ಬೆಳ್ಳಿಯದು, ಕಿತ್ತುಹೋಗುವಂಥದ್ದಲ್ಲ."

"ಇರಲಿ, ಇದನ್ನೂ ಬರೆದುಕೊಳ್ಳುತ್ತೇನೆ. ಒಂದು ತುತ್ತು ಬಿಡಬೇಕು," ಎಂದು ನೋಟ್‌ಬುಕ್ ಬಿಚ್ಚಿದಳು. ಪುಟ ತಿರುವಿದಳು. ಕೊನೆಯ ಹಾಳೆಗೆ ಬಂದಳು. ಅಂಚಿನಲ್ಲೂ ಜಾಗವಿರಲಿಲ್ಲ. ರಟ್ಟಿನ ಒಳಗೂ ಬರೆದಿದ್ದಳು. ಪೆನ್ನು ಹಿಡಿದು ನನ್ನ ಮುಖ ನೋಡಿದಳು.

ನಾನೆಂದೆ: "ನನ್ನ ಮಾತಿಗೇ ಜಾಗವಿಲ್ಲವಲ್ಲಮ್ಮ, ಇನ್ನು ಅಲ್ಲಿ ನಿನ್ನನ್ನು ಒಳಗೆ ಕರೆಯುವ ಅಜ್ಜಿಯರು ಹೇಳುವುದನ್ನು ಎಲ್ಲಿ ಬರೆಯುತ್ತೀಯೆ?"

ಇಂಚರಾ ಪೆನ್ನಿನ ಮುಚ್ಚಳ ಹಾಕಿದಳು. ನೋಟ್‌ಬುಕ್ಕನ್ನು ನನ್ನ ಮಡಿಲಿಗಿಟ್ಟು, ಚೀಲವನ್ನು ಬೆನ್ನಿಗೇರಿಸಿ ತೂಕ ನೋಡಿದಳು.